ರಕ್ಷಣೆಯ ಅಧಿಕಾರವೂ ಲೆಕ್ಕ ಕೇಳುವ ಹಕ್ಕೂ

ರಾಜ್ಯವು ಹುಟ್ಟಿದ್ದೇ ಪ್ರಜೆಗಳ ರಕ್ಷಣೆಗಾಗಿ ಎಂಬುದು ರಾಜ್ಯಶಾಸ್ತ್ರದ ಮೊದಲ ಪಾಠ. ಪ್ರಾಣಕ್ಕೂ ಸ್ವತ್ತಿಗೂ ಭದ್ರತೆಯಿಲ್ಲದ ಕಡೆ ಸ್ವಾತಂತ್ರ್ಯವೆಂಬುದು ಬರಿಯ ಮಾತಾಗುತ್ತದೆ. ಆದರೆ ಆ ಶಾಸ್ತ್ರದಲ್ಲಿ ಎರಡನೆಯ ಪಾಠವೂ ಒಂದಿದೆ: ರಕ್ಷಿಸುವವನ ಕೈಗೆ ಕೊಟ್ಟ ಆಯುಧವು ರಕ್ಷಿತನ ಕಡೆಗೂ ತಿರುಗಬಹುದು. ಬೇಲಿಯೇ ಎದ್ದು ಹೊಲ ಮೇಯುವುದುಂಟೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಎರಡು ಪಾಠಗಳನ್ನು ಒಟ್ಟಿಗೆ ಓದುವುದು ಹೇಗೆ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳವರಾದ ನಮಗೆ ಇದು ಪರೀಕ್ಷೆಯ ಪ್ರಶ್ನೆ ಮಾತ್ರವಲ್ಲ; ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಮ್ಮ ಕಾಡಿನ ದಾರಿಗಳಲ್ಲಿ ನಡೆದುಬಂದ ಸಂಗತಿ.

1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ತಲೆಮಾರುಗಳಿಂದ ಕಾಡಿನಂಚಿನಲ್ಲಿ ಬಾಳಿದ ಗಿರಿಜನರಲ್ಲಿ ಒಕ್ಕಲೆಬ್ಬಿಸುವರೆಂಬ ಭೀತಿ ಹುಟ್ಟಿತು. ಆ ಭೀತಿಯ ನೆಲದಲ್ಲಿಯೇ ಬಂದೂಕಿನ ರಾಜಕೀಯ ಬೇರು ಬಿಟ್ಟಿತು. 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ತರುಣಿಯರು ಪೋಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತನಾದನು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೋಲೀಸ್ ಶಿಬಿರದ ಮೇಲೆ ನಕ್ಸಲರು ಎರಗಿದರು. ಕೂಳಿಗಾಗಿ ಕೆಲಸಕ್ಕೆ ಸೇರಿದ್ದ ಬಡ ಮನೆಗಳ ಮಕ್ಕಳು ಅಲ್ಲಿ ಪ್ರಾಣ ತೆತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಮೆಣಸಿನಹಾಡ್ಯದವನೇ ಆದ ಗಿರಿಜನನೊಬ್ಬನನ್ನು ಪೋಲೀಸರ ಮಾಹಿತಿದಾರನೆಂದು ನಕ್ಸಲರು ಕೊಂದರು. ಕೊಂದವರಾರೂ ಅವನಿಗೆ ವಕೀಲನನ್ನು ಕೊಡಲಿಲ್ಲ, ವಿಚಾರಣೆ ನಡೆಸಲಿಲ್ಲ. ಆದುದರಿಂದ ರಕ್ಷಣೆಯ ಕಾಯಿದೆಗಳೇ ಬೇಡವೆನ್ನುವುದು ಮಲೆನಾಡಿನ ಒಂಟಿಮನೆಯ ಬಾಳನ್ನು ಅರಿಯದವರ ಮಾತು.

ಹಾಗೆಂದು ಕೊಟ್ಟ ಅಧಿಕಾರಕ್ಕೆ ಲೆಕ್ಕವೇ ಬೇಡವೆ? 2014ರ ಏಪ್ರಿಲ್ 19ರಂದು ಶೃಂಗೇರಿ ತಾಲ್ಲೂಕಿನ ತನಿಕೋಡು ತಪಾಸಣಾ ಠಾಣೆಯ ಬಳಿ, ಜಾನುವಾರು ಸಾಗಿಸುತ್ತಿದ್ದ ವಾಹನದಲ್ಲಿದ್ದ ಮಂಗಳೂರು ಕಡೆಯ ಯುವಕನೊಬ್ಬನು ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಬಲಿಯಾದನು. ಅವನು ನಕ್ಸಲನಲ್ಲ. ಅವನು ಯಾವುದಾದರೂ ಕಾಯಿದೆಯನ್ನು ಮೀರಿದ್ದನೆಂದೇ ಇಟ್ಟುಕೊಂಡರೂ, ಆ ತಪ್ಪಿಗೆ ಮರಣದಂಡನೆಯನ್ನು ಯಾವ ಕಾಯಿದೆಯೂ ವಿಧಿಸಿಲ್ಲ. ಪ್ರಕರಣ ಸಿ.ಐ.ಡಿ. ತನಿಖೆಗೆ ಹೋಯಿತು. ಒಂದು ಉದ್ದೇಶಕ್ಕಾಗಿ ಕಟ್ಟಿದ ಪಡೆಯ ಬಂದೂಕು ಮತ್ತೊಬ್ಬನ ಎದೆಗೆ ಎಷ್ಟು ಸುಲಭವಾಗಿ ತಿರುಗಬಲ್ಲದೆಂಬುದಕ್ಕೆ ನಮ್ಮ ಬಾಗಿಲಲ್ಲೇ ಇರುವ ನಿದರ್ಶನವಿದು.

ಇಂಥ ಸಂದರ್ಭದಲ್ಲಿ ಸರಿ ತಪ್ಪುಗಳನ್ನು ಅಳೆಯಲು ಅಳತೆಗೋಲು ಉಂಟೆ? ಉಂಟು. ಅದು ಬಂದದ್ದು ನಮ್ಮ ನಾಡಿನವರೇ ಹೂಡಿದ ಮೊಕದ್ದಮೆಯಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ ಆ ತೀರ್ಪು, ಹಕ್ಕಿನಲ್ಲಿ ಸರಕಾರ ಕೈಹಾಕಬೇಕಾದರೆ ದಾಟಬೇಕಾದ ಮೆಟ್ಟಿಲುಗಳನ್ನೂ ಹೇಳಿತು. ಮೊದಲನೆಯದು, ಅದಕ್ಕೆ ಕಾಯಿದೆಯ ಆಧಾರವಿರಬೇಕು. ಎರಡನೆಯದು, ನ್ಯಾಯವಾದ ಉದ್ದೇಶವಿರಬೇಕು. ಮೂರನೆಯದು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ತನಿಕೋಡಿನಲ್ಲಿ ವಾಹನ ತಡೆಯಲು ಆಧಾರವಿತ್ತು, ಉದ್ದೇಶವೂ ಇತ್ತೆನ್ನಬಹುದು. ಎಡವಿದ್ದು ಮೂರನೆಯ ಮೆಟ್ಟಿಲಲ್ಲಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂದರೆ ಇದೇ.

ಗುಂಡಿಲ್ಲದೆಯೂ ಕಾಯಿದೆಯು ಗಾಯ ಮಾಡಬಲ್ಲದು. 2012ರ ಮಾರ್ಚಿಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಮಲೆಕುಡಿಯ ಜನಾಂಗದ ತರುಣನೊಬ್ಬನನ್ನು, ಅವನ ತಂದೆಯೊಡನೆ, ನಕ್ಸಲ್ ಸಂಪರ್ಕದ ಆರೋಪದ ಮೇಲೆ ಬಂಧಿಸಿದರು. ಅವನು ಆಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ವಿದ್ಯಾರ್ಥಿ, ನಮ್ಮಂಥವನೇ. ವಶಪಡಿಸಿಕೊಂಡ ವಸ್ತುಗಳಲ್ಲಿ ಪುಸ್ತಕಗಳೂ ಪತ್ರಿಕೆಯ ತುಣುಕುಗಳೂ ಇದ್ದವು. 2021ರ ಅಕ್ಟೋಬರಿನಲ್ಲಿ ನ್ಯಾಯಾಲಯವು ಇಬ್ಬರನ್ನೂ ದೋಷಮುಕ್ತರೆಂದು ಬಿಡುಗಡೆ ಮಾಡಿತು. ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲವೆಂದಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಒಂಬತ್ತೂವರೆ ವರ್ಷಗಳು? ಅವರ ಮೇಲೆ ಹೊರಿಸಿದ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯಲ್ಲಿ, ಸಾಮಾನ್ಯವಾಗಿ 60 ಅಥವಾ 90 ದಿನಗಳೊಳಗೆ ಮುಗಿಯಬೇಕಾದ ತನಿಖೆಯ ಅವಧಿಯನ್ನು 180 ದಿನಗಳವರೆಗೆ ಹಿಗ್ಗಿಸಬಹುದು. ಆರೋಪವು ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನೂ ಇಲ್ಲ. ಇಂಥ ಕಾಯಿದೆಯಲ್ಲಿ ವಿಚಾರಣೆಯೇ ಶಿಕ್ಷೆಯಾಗಿ ಪರಿಣಮಿಸುವ ಭಯವುಂಟು.

ಹಾಗಾದರೆ ಲೆಕ್ಕ ಕೇಳುವ ದಾರಿಗಳಾವುವು? ಸಂವಿಧಾನದ 22ನೆಯ ವಿಧಿಯಂತೆ, ಬಂಧಿತನನ್ನು ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಾರಣವನ್ನು ಅವನಿಗೆ ತಿಳಿಸಬೇಕು. ಪೋಲೀಸರ ಗುಂಡಿಗೆ ಯಾರಾದರೂ ಸತ್ತಲ್ಲಿ ಎಫ್.ಐ.ಆರ್. ದಾಖಲಾಗಬೇಕು, ಗುಂಡು ಹಾರಿಸಿದವರ ಠಾಣೆಯನ್ನು ಬಿಟ್ಟು ಬೇರೆಯವರೇ ತನಿಖೆ ನಡೆಸಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯೂ ಆಗಬೇಕು, ಶೌರ್ಯವು ನಿಸ್ಸಂದೇಹವಾಗಿ ಸ್ಥಿರಪಡುವ ತನಕ ಬಹುಮಾನ ಬಡ್ತಿಗಳನ್ನು ಕೊಡಬಾರದು ಎಂದು ಸುಪ್ರೀಂ ಕೋರ್ಟು 2014ರ ಸೆಪ್ಟೆಂಬರಿನಲ್ಲಿ ವಿಧಿಸಿತು. 2005ರ ಮಾಹಿತಿ ಹಕ್ಕು ಕಾಯಿದೆಯು ಗುಪ್ತಚರ ಹಾಗೂ ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದ್ದರೂ, ಲಂಚ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಆ ಪರದೆ ಸಲ್ಲದು. ಕರ್ನಾಟಕ ಪೋಲೀಸ್ ಕಾಯಿದೆಯ 2012ರ ತಿದ್ದುಪಡಿಯು ರಾಜ್ಯದಲ್ಲೂ ಜಿಲ್ಲೆಗಳಲ್ಲೂ ಪೋಲೀಸ್ ದೂರು ಪ್ರಾಧಿಕಾರಗಳಿಗೆ ಎಡೆಮಾಡಿಕೊಟ್ಟಿತು. ದಾರಿಗಳು ಕಾಗದದ ಮೇಲಿವೆ. ನಡೆಯುವವರಿಲ್ಲದಿದ್ದರೆ ಮಲೆನಾಡಿನ ಕಾಲುದಾರಿಯಂತೆ ಒಂದೇ ಮಳೆಗಾಲದಲ್ಲಿ ಮುಚ್ಚಿಹೋಗುತ್ತವೆ.

ಭದ್ರತೆ ಒಂದು ತಟ್ಟೆಯಲ್ಲಿ, ಹಕ್ಕು ಮತ್ತೊಂದರಲ್ಲಿ, ಒಂದೇರಿದರೆ ಒಂದಿಳಿಯಬೇಕೆಂಬ ತಕ್ಕಡಿಯ ಹೋಲಿಕೆಯನ್ನು ಹಲವರು ಕೊಡುವುದುಂಟು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅಡಕೆ ಬೆಳೆಗಾರನು ಮಂಡಿಗೆ ಮಾಲು ಹಾಕಿ ಚೀಟಿ ಪಡೆಯುತ್ತಾನೆ. ಚೀಟಿ ಕೇಳುವುದು ಮಂಡಿಯವರ ಮೇಲಿನ ಅವಿಶ್ವಾಸವಲ್ಲ; ಚೀಟಿ ಇರುವುದರಿಂದಲೇ ವಿಶ್ವಾಸ ಉಳಿಯುತ್ತದೆ. ಪ್ರಜೆಗಳು ಸರಕಾರಕ್ಕೆ ಅಧಿಕಾರವನ್ನು ಒಪ್ಪಿಸಿ ಪಡೆಯುವ ಚೀಟಿಯೇ ತನಿಖೆ, ವಿಚಾರಣೆ, ಮಾಹಿತಿ. ಪ್ರಾಮಾಣಿಕನಾದ ಪೋಲೀಸನಿಗೂ ಅದೇ ರಕ್ಷೆ. ನಿಜವಾಗಿ ಆತ್ಮರಕ್ಷಣೆಗೆ ಗುಂಡು ಹಾರಿಸಿದವನನ್ನು ಅಪವಾದದಿಂದ ಪಾರುಮಾಡುವುದು ನಿಷ್ಪಕ್ಷಪಾತ ತನಿಖೆಯೊಂದೇ.

2025ರ ಜನವರಿ 8ರಂದು ಶೃಂಗೇರಿ ಕಡೆಯ ಮುಂಡಗಾರು ಲತಾ ಸೇರಿದಂತೆ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಎರಡು ದಿನಗಳ ಬಳಿಕ ಅವರ ಬಂದೂಕುಗಳು ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ದೊರೆತವು. ಎರಡು ದಶಕಗಳ ಗುಂಡಿನ ಸದ್ದನ್ನು ಅಡಗಿಸಿದ್ದು ಕೊನೆಗೆ ಮಾತುಕತೆ. ಅದೇ ವರ್ಷ ಕರಾವಳಿಯ ಕೋಮು ಹಿಂಸೆಯನ್ನು ತಡೆಯಲು ವಿಶೇಷ ಕಾರ್ಯಪಡೆಯೊಂದು ರಚನೆಯಾಯಿತು. ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯಲ್ಲಿ ಒಂದು ಭಾಗ ಅದಕ್ಕೆ ಹೋಯಿತು. ಶತ್ರು ಬದಲಾಗಬಹುದು, ಪಡೆಯ ಹೆಸರು ಬದಲಾಗಬಹುದು. ಚೀಟಿ ಕೇಳುವ ಕರ್ತವ್ಯ ಬದಲಾಗದು. ಆ ಕರ್ತವ್ಯ ವಕೀಲರಿಗೂ ಪತ್ರಕರ್ತರಿಗೂ ಮಾತ್ರ ಸೇರಿದ್ದಲ್ಲ. ಅರ್ಜಿಯೊಂದನ್ನು ಬರೆಯಬಲ್ಲ, ಕಾಯಿದೆಯ ಕಲಮೊಂದನ್ನು ಓದಿ ನೆರೆಯವನಿಗೆ ತಿಳಿಹೇಳಬಲ್ಲ ಪ್ರತಿಯೊಬ್ಬ ವಿದ್ಯಾವಂತನಿಗೂ ಸೇರಿದ್ದು. ನಾವು ಪಡೆಯುವ ಪದವಿಗೆ ಊರಿನಲ್ಲಿ ಬೆಲೆ ಬರುವುದು ಅಲ್ಲಿಯೇ.