ಶಾಲೆಯ ಫೀಸು: ಒಬ್ಬರ ಲೆಕ್ಕ, ಮೂವರ ಲೆಕ್ಕ

ಕಳೆದ ವರ್ಷ ನಾನು ಪ್ರಥಮ ಪಿಯುಸಿಗೆ ಸೇರುವ ಹೊತ್ತಿಗೆ ಉಪ್ಪ ಮೂರು ಫೀಸು ಚೀಟಿಗಳನ್ನು ನನ್ನ ಮುಂದಿಟ್ಟರು. "ಕಾಮರ್ಸ್ ತೆಗೆದುಕೊಂಡಿದ್ದೀಯಲ್ಲ, ಕೂಡಿಸಿ ನೋಡು" ಎಂದರು. ಒಂದು ನನ್ನದು, ಒಂದು ಎಂಟನೇ ತರಗತಿಗೆ ಹೋಗುವ ತಂಗಿಯದು, ಇನ್ನೊಂದು ಐದನೇ ತರಗತಿಯ ತಮ್ಮನದು. ಕೂಡಿಸುವ ಮೊದಲೇ ಅವರು, "ತಂಗಿಯನ್ನು ಸರ್ಕಾರಿ ಶಾಲೆಗೆ ಹಾಕೋಣವಾ?" ಎಂದು ಕೇಳಿದರು. ತಮ್ಮನ ಮಾತೇ ಬರಲಿಲ್ಲ.

ಅಂದು ಕಲಿತ ಲೆಕ್ಕವನ್ನು ಇಲ್ಲಿ ಹೇಳುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ.

ಫೀಸು ಎಂದರೆ ಚೀಟಿಯಲ್ಲಿರುವ ಮೊತ್ತ ಮಾತ್ರವಲ್ಲ. ಶಾಲೆಯ ಫೀಸು 30,000 ರೂ., ವ್ಯಾನಿಗೆ 10,000, ಪುಸ್ತಕ, ಸಮವಸ್ತ್ರ, ಶೂಗಳಿಗೆ 8,000 ಎಂದುಕೊಳ್ಳಿ. ಒಬ್ಬರಿಗೆ 48,000, ಮೂವರಿಗೆ 1,44,000. ಅಂದರೆ ತಿಂಗಳಿಗೆ 12,000 ರೂ.

ಇನ್ನು ಏರಿಕೆ. ಫೀಸು ವರ್ಷಕ್ಕೆ ಶೇ. 10ರಷ್ಟು ಹೆಚ್ಚಿದರೆ, ಚಕ್ರಬಡ್ಡಿಯ ಹಾಗೆ ಬೆಳೆದು, 30,000 ಇದ್ದದ್ದು ಐದು ವರ್ಷಗಳಲ್ಲಿ 48,000 ದಾಟುತ್ತದೆ. ಆದಾಯ ಹಾಗೆ ಏರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ವರ್ಷಗಳ ಲೆಕ್ಕ. ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಬ್ಬರಿಗೆ 14 ವರ್ಷ. ಮೂರು ಮೂರು ವರ್ಷ ಅಂತರದ ಮೂವರು ಮಕ್ಕಳಿದ್ದರೆ ಒಟ್ಟು 20 ವರ್ಷ ಫೀಸು ಕಟ್ಟಬೇಕು. ಅದರಲ್ಲಿ 8 ವರ್ಷ ಮೂವರದೂ ಒಟ್ಟಿಗೇ ಬರುತ್ತದೆ. ನನ್ನನ್ನು ಎಲ್‌ಕೆಜಿಗೆ ಸೇರಿಸಿದಾಗ ಮನೆಯಲ್ಲಿ ಹಾಕಿದ್ದು ಒಬ್ಬಳ ಲೆಕ್ಕ ಮಾತ್ರ. ತಪ್ಪಿದ್ದು ಅಲ್ಲೇ.

ಸಹಾಯ ಎಲ್ಲಿಂದ? ಆರ್‌ಟಿಇ ಕಾಯ್ದೆಯ ಶೇ. 25 ಸೀಟುಗಳನ್ನು ಹಲವರು ನೆನೆಯುತ್ತಾರೆ. ಆದರೆ ಕರ್ನಾಟಕದಲ್ಲಿ 2019ರ ನಿಯಮದಂತೆ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ, ಅದೂ ಇಬ್ಬರು ಮಕ್ಕಳಿಗೆ ಮಾತ್ರ. ಸರ್ಕಾರಿ ಶಾಲೆಯಲ್ಲಾದರೆ ಹತ್ತನೇ ತರಗತಿವರೆಗೆ ಪಠ್ಯಪುಸ್ತಕ ಉಚಿತ, ಮಧ್ಯಾಹ್ನದ ಬಿಸಿಯೂಟವೂ ಇದೆ. ಕೆಲವು ಕಡೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಉಂಟು.

ಇಷ್ಟನ್ನು ಬರೆದು ಉಪ್ಪನಿಗೆ ತೋರಿಸಿ, "ಶಾಲೆ ಒಳ್ಳೆಯದಾದರೆ ಇಬ್ಬರಿಗೂ ಒಳ್ಳೆಯದೇ ಅಲ್ವಾ? ಅಲ್ಲದಿದ್ದರೆ ತಂಗಿಗೆ ಮಾತ್ರ ಯಾಕೆ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಒಳಗಿನಿಂದ ಉಮ್ಮ, "ಅವಳು ಹೇಳಿದ್ದು ಸರಿ" ಎಂದರು. ಮರುದಿನ ಎಲ್ಲರೂ ಹೋಗಿ ಸರ್ಕಾರಿ ಶಾಲೆಯನ್ನು ನೋಡಿದೆವು. ತಂಗಿ ಮೊದಲು ವಿಚಾರಿಸಿದ್ದು ಲ್ಯಾಬ್ ಇದೆಯಾ ಎಂದು. ಇತ್ತು.

ಈಗ ಇಬ್ಬರೂ ಅಲ್ಲೇ ಓದುತ್ತಿದ್ದಾರೆ. ಉಳಿದ ಹಣವನ್ನು ಅವರಿಬ್ಬರ ಕಾಲೇಜಿಗೆಂದು ಸಮನಾಗಿ ತೆಗೆದಿಡುತ್ತಿದ್ದೇವೆ. ತಮ್ಮ ತಂಗಿಯರಿರುವ ಗೆಳೆಯರೇ, ಈ ರಜೆಯಲ್ಲಿ ನೀವೂ ಮನೆಯವರೊಂದಿಗೆ ಕೂತು ಒಮ್ಮೆ ಲೆಕ್ಕ ಹಾಕಿ. ಫೀಸಿನ ಪಕ್ಕದಲ್ಲಿ, ಅದು ಯಾರ ಓದಿನಿಂದ ಕಡಿತವಾಗುತ್ತಿದೆ ಎಂಬುದನ್ನೂ ಬರೆಯಿರಿ.