ಉಣ್ಣೋದು ಅಷ್ಟೇ, ಹೊಟ್ಟೆ ಯಾಕೆ ಬರ್ತದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಐವತ್ತು ದಾಟಿದ ಅಮ್ಮಂದಿರು ಹೇಳ್ತಾರೆ: “ಉಣ್ಣೋದು ಮೊದಲಿನಷ್ಟೇ, ಹೊಟ್ಟೆ ಮಾತ್ರ ಬರ್ತಾ ಇದೆ.”

ಅದು ನಿಜ. ಮುಟ್ಟು ನಿಲ್ಲುವಾಗ ಈಸ್ಟ್ರೋಜೆನ್ ಇಳಿಯುತ್ತೆ. ತೊಡೆ, ಸೊಂಟಕ್ಕೆ ಸೇರುತ್ತಿದ್ದ ಕೊಬ್ಬು ಹೊಟ್ಟೆ ಸೇರುತ್ತೆ. ವಯಸ್ಸಾದಂತೆ ಸ್ನಾಯುವೂ ಕರಗುತ್ತೆ.

ಆದರೆ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ, ಮೈಗಾತ್ರದ ಲೆಕ್ಕ ಹಿಡಿದರೆ ದೇಹ ಶಕ್ತಿ ಸುಡುವ ವೇಗ 20ರಿಂದ 60ರವರೆಗೆ ಹೆಚ್ಚುಕಡಿಮೆ ಒಂದೇ.

ನನಗನ್ನಿಸೋದು, ಬದಲಾಗಿದ್ದು ಕೆಲಸ. ಅಡಿಕೆ ಸುಲಿಯೋಕೆ ಯಂತ್ರ ಬಂತು, ತೋಟಕ್ಕೆ ಬೈಕು ಬಂತು. ಬೆಳಗಿನ ಕಡುಬು, ಮಧ್ಯಾಹ್ನದ ಅನ್ನ ಹಾಗೇ ಉಳಿದವು.

ಅನ್ನ ಬಿಡಬೇಡಿ, ಒಂದು ಸೌಟು ಇಳಿಸಿ. ಆ ಜಾಗಕ್ಕೆ ಹೆಸರುಕಾಳು ಪಲ್ಯ ಬರಲಿ. ತಂಬುಳಿ ಖಂಡಿತ ಇರಲಿ.

ತೂಕದ ಜೊತೆ ಸುಸ್ತು, ಚಳಿ, ಮಲಬದ್ಧತೆಯೂ ಇದ್ದರೆ ಡಾಕ್ಟರ ಹತ್ತಿರ ಥೈರಾಯ್ಡ್ ಪರೀಕ್ಷೆ ಕೇಳಿ.