ನೇಕಾರನ ಮಗ್ಗವೂ ವಿಮೆಯೂ

ಗೃಹಕೈಗಾರಿಕೆಗಳ ಮಹಿಮೆಯನ್ನು ಸಭೆಗಳಲ್ಲಿ ಕೊಂಡಾಡುವವರಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. 1905ನೆಯ ಇಸವಿಯ ಸ್ವದೇಶೀ ಚಳವಳಿಯ ಸ್ಮರಣಾರ್ಥವಾಗಿ ಆಗಸ್ಟ್ 7ನೆಯ ತಾರೀಖನ್ನು 2015ರಿಂದ ಕೈಮಗ್ಗದ ದಿನವೆಂದು ಆಚರಿಸುತ್ತಿರುವರು. ಅದೇ ಆಗಸ್ಟ್ ತಿಂಗಳಲ್ಲಿ, 2019ರಲ್ಲಿ, ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಬಂದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನೇಕಾರರ ಮನೆಗಳನ್ನು ಹೊಕ್ಕುವು. ಕುಣಿಮಗ್ಗವನ್ನು ಕಂಡವರು ಬಲ್ಲರು: ನೇಕಾರನು ಕಾಲಿಳಿಬಿಟ್ಟು ಕುಳಿತುಕೊಳ್ಳುವ ಕುಣಿಯು ಮನೆಯ ನೆಲದಲ್ಲಿಯೇ ತೋಡಿದ್ದು. ಹೊಸ್ತಿಲು ದಾಟಿದ ನೀರು ಮೊದಲು ತುಂಬುವುದು ಅಲ್ಲಿಯೇ. ಹಾಸು ಕೆಡುವುದು, ಅಚ್ಚು ತುಕ್ಕು ಹಿಡಿಯುವುದು, ನೂಲು ಕೊಳೆಯುವುದು. ಸರಕಾರದ ಪರಿಹಾರವು ಕೈಸೇರುವ ತನಕ ಅನ್ನದ ದಾರಿಯೇ ಮುಚ್ಚಿಹೋಗುವುದು.

ವಿಮೆ ಇರಲಿಲ್ಲವೆ ಎಂದು ಪಟ್ಟಣದ ವಾಚಕರು ಕೇಳಬಹುದು. ವಿಮೆಯುಂಟು, ನೇಕಾರನ ಪ್ರಾಣಕ್ಕೆ! ಪ್ರಧಾನಮಂತ್ರಿ ಜೀವನಜ್ಯೋತಿ ಯೋಜನೆಯಲ್ಲಿ ವರ್ಷಕ್ಕೆ 436 ರೂಪಾಯಿ ಕಟ್ಟಿದವನು ತೀರಿಕೊಂಡರೆ ಮನೆಯವರಿಗೆ 2 ಲಕ್ಷ ರೂಪಾಯಿ ಸಲ್ಲುವುದು. ಯೋಜನೆಯು ಒಳ್ಳೆಯದೇ. ಆದರೆ ಬದುಕಿ ಉಳಿದು ಮಗ್ಗವನ್ನು ಕಳೆದುಕೊಂಡವನ ಗತಿಯೇನು?

ಸೊತ್ತಿನ ವಿಮೆಯೂ ಇಲ್ಲದಿಲ್ಲ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದವರು ಬೆಂಕಿ, ನೆರೆ ಮೊದಲಾದ ವಿಪತ್ತುಗಳಿಗೆ ಏಕರೂಪದ ವಿಮಾಪತ್ರಗಳನ್ನು ಜಾರಿಗೆ ತಂದರು. 'ಭಾರತ ಗೃಹ ರಕ್ಷಾ' ಎಂಬುದು ವಾಸದ ಮನೆಗೂ ಮನೆಯ ಸಾಮಾನಿಗೂ. 'ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬುದು ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿ ಮೀರದ ಸೊತ್ತುಳ್ಳ ಉದ್ಯಮಕ್ಕೆ. ನೇಕಾರನ ಪಡಸಾಲೆ ಇವೆರಡರಲ್ಲಿ ಯಾವುದು? ರಾತ್ರಿ ಮಕ್ಕಳು ಮಲಗುವಾಗ ಮನೆ, ಹಗಲು ಲಾಳಿ ಓಡುವಾಗ ಕಾರ್ಖಾನೆ. ಮನೆಗೆ ವಿಮೆ ಮಾಡಿಸಿದವನು ಮಗ್ಗವೂ ಅದರಲ್ಲಿ ಅಡಕವೆಂದು ನಂಬಿಕೊಂಡಿರುವನು. ನಷ್ಟವಾದ ಮೇಲೆ, ಅದು ವ್ಯಾಪಾರದ ಸೊತ್ತೆಂಬ ಉತ್ತರ ಬರುವುದು. 2019-20ರ ಗಣತಿಯಂತೆ ದೇಶದಲ್ಲಿ ಕೈಮಗ್ಗದ ಕುಟುಂಬಗಳು 31.45 ಲಕ್ಷ. ಇದು ಕೆಲವರ ತೊಡಕಲ್ಲ.

ಇನ್ನು ಬೆಲೆ ಕಟ್ಟುವ ಪ್ರಶ್ನೆ. ಕಂತು ಕಡಮೆಯಾಗಲೆಂದು 2 ಲಕ್ಷದ ಸೊತ್ತನ್ನು 1 ಲಕ್ಷವೆಂದು ಬರೆಯಿಸುವುದು ನಮ್ಮವರ ರೂಢಿ. 50 ಸಾವಿರದ ನಷ್ಟವಾದರೆ ಪ್ರಮಾಣಾನುಸಾರವಾಗಿ 25 ಸಾವಿರವೇ ಕೈಗೆ ಬರುವುದು. ಸೂಕ್ಷ್ಮ ಉದ್ಯಮದ ಪತ್ರದಲ್ಲಿ ಶೇಕಡ 15ರವರೆಗಿನ ಕೊರತೆಯನ್ನು ಮಾತ್ರ ಮನ್ನಿಸುವರು. ಮತ್ತೊಂದು ಸೂಕ್ಷ್ಮವುಂಟು: ನೂಲು ಅನೇಕ ವೇಳೆ ಸಾಹುಕಾರನದು. ಪರರ ಸೊತ್ತು ತನ್ನ ವಶದಲ್ಲಿದೆಯೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸದಿದ್ದರೆ ವ್ಯಾಜ್ಯಕ್ಕೆ ಎಡೆಯಾಗುವುದು. ಈ ಹೊರೆಯನ್ನು ಸಾಹುಕಾರನೇ ಹೊರುವುದು ನ್ಯಾಯವೆಂದು ನಮ್ಮ ಮತ.

ಇದನ್ನೆಲ್ಲ ಒಬ್ಬೊಬ್ಬ ನೇಕಾರನೂ ತಾನೇ ತಿಳಿದು ನಡೆಸಲೆಂದು ಬಯಸುವುದು ಅವಿವೇಕ. ನೇಕಾರರ ಸಹಕಾರ ಸಂಘಗಳು ಮುಂದೆ ಬಂದು, ಮನೆಗೂ ಮಗ್ಗಕ್ಕೂ ನೂಲಿಗೂ ಬೇರೆಬೇರೆಯಾಗಿ ಬೆಲೆ ನಮೂದಿಸಿ, ಸದಸ್ಯರೆಲ್ಲರಿಗೂ ಒಟ್ಟಾಗಿ ವಿಮೆ ಮಾಡಿಸಲಿ. ಸರಕಾರವು ಕಂತಿನ ಒಂದು ಪಾಲನ್ನು ವಹಿಸಿಕೊಳ್ಳಲಿ. ಅರ್ಜಿಯೂ ಷರತ್ತುಗಳೂ ನೇಕಾರನು ಓದಬಲ್ಲ ಕನ್ನಡದಲ್ಲಿರಲಿ. ಕಂತು ಮುಂಗಡವಾಗಿ ಸಲ್ಲದೆ ವಿಮೆಯ ಹೊಣೆ ಆರಂಭವಾಗದೆಂಬುದು ಕಾನೂನು. ಆದುದರಿಂದ ಕೈಮಗ್ಗದ ಇಲಾಖೆಯ ಅಧಿಕಾರಿಗಳು ಈ ಕಾರ್ಯವನ್ನು ಆಗಸ್ಟ್ ತಿಂಗಳ ಉತ್ಸವಕ್ಕೆಂದು ಕಾದಿರಿಸದೆ, ಮುಂಗಾರಿಗೆ ಮೊದಲೇ ಕೈಕೊಳ್ಳಬೇಕು.